ಎಡಗೈಯ ಒಂಟಿ ಗವಸು

ಮಾರ್ಚ್ ೪

ಪ್ರೀತಿಯ ಗುಬ್ಬಿಗೆ,

ಒಂಟಿ ಕೈಗವಸಿನ ಕಥೆಯನ್ನು ಮೊದಲು ಹೇಳಿದವಳು ನಮ್ಮ ದೊಡ್ಡಮ್ಮ. ನೀನಿನ್ನೂ ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡು ಮಲಗುತ್ತಿದ್ದ ಕಾಲ. ಚಳಿಗಾಲದ ಒಂದು ಮಧ್ಯಾಹ್ನ ಕರೆಂಟು ಹೋಗಿ ಹೊಲಿಗೆಮನೆಯ ಮಿಷನ್ನುಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು. ಕತ್ತರಿಸುವ ಮೇಜಿನ ಕೆಳಗೆ, ತೊಗಲಿನ ಚೂರುಗಳ ರಾಶಿಯ ಮೇಲೆ ನಾವಿಬ್ಬರೂ ಕೂತಿದ್ದೆವು. ನಿನಗೆ ನೆನಪಿರಲಾರದು. ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ.

ಕೈಗವಸು ಹೊಲಿಯುವವಳು ಒಬ್ಬಳಿದ್ದಳಂತೆ. ಅವಳು ಹೊಲಿದದ್ದನ್ನು ತೊಟ್ಟವರಿಗೆ ತೊಟ್ಟದ್ದೇ ಮರೆತುಹೋಗುತ್ತಿತ್ತಂತೆ. ಒಂದು ದಿನ ಮುಖ ಮುಚ್ಚಿಕೊಂಡ ಹೆಂಗಸೊಬ್ಬಳು ಬಾಗಿಲಿಗೆ ಬಂದು, "ನಂಗೊಂದು ಕೈಗವಸು ಬೇಕು, ಎಡಗೈಗೆ ಮಾತ್ರ" ಅಂದಳು. "ಅಳತೆ ಕೊಡಿ" ಅಂದರೆ, "ಹೊಲೀತಾ ಹೋಗು, ಅಳತೆ ತಾನಾಗೇ ಬರುತ್ತೆ" ಅಂದಳು. ಹೊಲಿದಳು. ಚಿಕ್ಕದಾಯ್ತು ಅಂದಳು. ಬಿಚ್ಚಿ ಇನ್ನೊಂದು ಹೊಲಿದಳು. ಇನ್ನೂ ಚಿಕ್ಕದು. ಹೀಗೆ ಎಷ್ಟೋ ಆದ ಮೇಲೆ ಬೇಸತ್ತು, ಹೊಸದಾಗಿ ಹೊಲಿದದ್ದನ್ನು ತನ್ನ ಕೈಗೇ ಹಾಕಿ ನೋಡಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ತಲೆಯೆತ್ತಿದರೆ ಆ ಹೆಂಗಸು ನಗುತ್ತಿದ್ದಾಳೆ. "ಈಗ ಸರಿಹೋಯ್ತು ನೋಡು," ಅಂದಳು, "ಬಾ, ಹೋಗೋಣ."

ಅಷ್ಟು ಹೊತ್ತಿಗೆ ಕರೆಂಟು ಬಂತು. ಮುಂದೇನಾಯಿತೆಂದು ಎಷ್ಟು ಪೀಡಿಸಿದರೂ ದೊಡ್ಡಮ್ಮ ಬಾಯಿ ಬಿಡಲಿಲ್ಲ.

ಈಗ ಆ ಕಥೆ ಯಾಕೆ ನೆನಪಾಯಿತು ಎಂದರೆ, ನಮ್ಮ ಹೊಲಿಗೆಮನೆಯಲ್ಲಿ ಏನೋ ಸರಿಯಿಲ್ಲ. ಎಡಗೈಯ ಗವಸುಗಳು ಕುಗ್ಗುತ್ತಿವೆ. ಕತ್ತರಿ ಮಾವ ಎರಡು ಕೈಗೂ ಒಂದೇ ಅಚ್ಚಿನಲ್ಲಿ ಕತ್ತರಿಸುತ್ತಾರೆ, ನಾನು ಒಂದೇ ದಾರದಲ್ಲಿ ಹೊಲಿಯುತ್ತೇನೆ. ಬಲದ್ದು ನನ್ನ ಕೈಗೆ ಸಲೀಸಾಗಿ ಹೋಗುತ್ತದೆ, ಎಡದ್ದು ಗೆಣ್ಣಿನ ಹತ್ತಿರ ಹಿಡಿಯುತ್ತದೆ. ದೊಡ್ಡಮ್ಮನ ನಿಯಮ ನಿನಗೆ ಗೊತ್ತಲ್ಲ: "ಅಳತೆಗಿಟ್ಟ ಮರದ ಕೈಗೆ ನೋವು ಗೊತ್ತಾಗಲ್ಲ ಕಣೇ, ನಿನ್ನ ಕೈ ಹಾಕಿ ನೋಡು." ಅವಳ ಕೈಯೂ ನನ್ನ ಕೈಯೂ ಒಂದೇ ಅಳತೆ ಎಂದೇ ಅವಳ ಜಾಗ ನನಗೆ ಬಂದದ್ದು. ಹಾಗಾಗಿ ಎಡದ್ದನ್ನು ಬಿಚ್ಚಿ, ಸ್ವಲ್ಪ ಸಡಿಲ ಬಿಟ್ಟು, ನನ್ನ ಕೈಗೆ ಹಿತವಾಗುವ ತನಕ ತಿದ್ದಿ ಕಳಿಸುತ್ತಿದ್ದೇನೆ.

ಅಷ್ಟು ಮಾಡಿದರೂ ದೂರು. ನಮ್ಮಲ್ಲಿ ಗವಸು ಹೊಲಿಸುವ ಬ್ಯಾಂಡಿನ ಮುಖ್ಯಸ್ಥರು ನಿನ್ನೆ ಒಂದು ಕಟ್ಟು ವಾಪಸು ತಂದರು. "ಏನಮ್ಮ ಇದು? ಬಲಗೈ ನಮ್ದು ಅನ್ಸುತ್ತೆ. ಎಡಗೈಯೊಳಗೆ ನಮಗಿಂತ ಮುಂಚೆ ಯಾರೋ ಕೈ ಹಾಕಿ ಕೂತಿದ್ದ ಹಾಗಿದೆ" ಅಂದರು.

ನನ್ನ ಆರೋಗ್ಯಕ್ಕೇನೂ ಧಾಡಿಯಿಲ್ಲ. ಕಳೆದ ವರ್ಷ ಕ್ಯಾನ್ಸರಿಗೆ ಎಡಗಡೆಯ ಎದೆ, ಜೊತೆಗೆ ಕಂಕುಳಿನ ಗ್ರಂಥಿಗಳನ್ನು ತೆಗೆದ ಗಾಯ ಚೆನ್ನಾಗಿ ಮಾಗಿದೆ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ನಿನ್ನ ಅಕ್ಕ


ಮಾರ್ಚ್ ೧೯

ಅಕ್ಕ,

ದೋಣಿ ಇವತ್ತು ಬಂತು. ಅಕ್ಕಿ, ಸೀಮೆಎಣ್ಣೆ, ಕೊಳೆತ ಈರುಳ್ಳಿ, ನಿನ್ನ ಕಾಗದ. ಈರುಳ್ಳಿಯನ್ನು ಸಮುದ್ರಕ್ಕೆ ಎಸೆದು ನಿನ್ನನ್ನು ಉಳಿಸಿಕೊಂಡೆ.

ಈ ದೀಪಸ್ತಂಭದಲ್ಲಿ ನಾನು ಅಡುಗೆಗೆ ಸೇರಿದಾಗ, ಒಂಟಿ ದ್ವೀಪದಲ್ಲಿ ಹೆದರಿಕೆ ಆಗಲ್ವಾ ಎಂದು ನೀನು ಕೇಳಿದ್ದೆ. ಈಗ ನೋಡಿದರೆ ಹೆದರಿಸುವ ಸಾಮಾನೆಲ್ಲ ನಿನ್ನ ಊರಿನಿಂದಲೇ ಬರುತ್ತಿದೆ. ಎಡಗೈ ಗವಸು ಕುಗ್ಗುವುದಕ್ಕೆ ದೆವ್ವ ಬೇಕಾಗಿಲ್ಲ. ಕತ್ತರಿ ಮಾವನಿಗೆ ಕನ್ನಡಕ ಬೇಕಾಗಿದೆ. ಅವರಿಗೆ ಹಾಗಂತ ನಾನು ಹೇಳಿದೆ ಎಂದು ಮಾತ್ರ ಹೇಳಬೇಡ, ಮುಂದಿನ ಸಲ ಊರಿಗೆ ಬಂದಾಗ ನನ್ನ ಜಡೆಯನ್ನೇ ಕತ್ತರಿಸಿಯಾರು.

ನಿನ್ನ ಕೈ ಹೇಗಿದೆ? ಆಸ್ಪತ್ರೆಯ ವ್ಯಾಯಾಮದ ಹುಡುಗಿ ಒಂದು ಬಿಗಿತೋಳು ಕೊಟ್ಟಿದ್ದಳಲ್ಲ, ಎಳೆದರೆ ಹಿಗ್ಗುವ ಬಟ್ಟೆಯದು, ಮುಂಗೈಯಿಂದ ಭುಜದವರೆಗೆ ಬರುವಂಥದು. ಅದನ್ನು ಹಾಕಿಕೊಳ್ಳುತ್ತಿದ್ದೀಯಾ? ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ.

ಮತ್ತೆ, ಆ ಕಥೆ ಬೇಡ ಅಕ್ಕ. ಬೇರೆ ಎಷ್ಟೋ ಕಥೆ ಹೇಳಿದ್ದಳು ದೊಡ್ಡಮ್ಮ. ಅತ್ತೆಯ ಹಲ್ಲಿನ ಸೆಟ್ಟು ಕದ್ದ ನರಿಯ ಕಥೆ ಎಷ್ಟು ಚೆನ್ನಾಗಿತ್ತು. ಅದನ್ನು ಬರೆ.

ಗುಬ್ಬಿ


ಏಪ್ರಿಲ್ ೨

ಗುಬ್ಬಿ,

ನರಿಯ ಕಥೆ ನಗಿಸುವುದಕ್ಕೆ. ನನಗೀಗ ನಗು ಬರುತ್ತಿಲ್ಲ.

ಬಿಗಿತೋಳು ಬೀರುವಿನಲ್ಲಿದೆ. ನಿಜ ಹೇಳಲೇ? ಇಡೀ ಊರಿಗೆ ಕೈಗವಸು ಹೊಲಿದು ಕೊಡುವ ನಾನು, ಯಾವುದೋ ಮಿಷನ್ನು ನೇಯ್ದ ಮಾಸಲು ಚೀಲದೊಳಗೆ ಕೈ ತೂರಿಸಿಕೊಂಡು ಹೊಲಿಗೆಮನೆಯಲ್ಲಿ ಕೂರಲೇ? ಬೇರೆಯವರ ಕೈಕೆಲಸ ನನ್ನ ಮೈಮೇಲೆ? ಅದೂ ಅಲ್ಲದೆ ಕೈ ಚೆನ್ನಾಗಿಯೇ ಇದೆ. ಸಂಜೆ ಹೊತ್ತಿಗೆ ಸ್ವಲ್ಪ ಭಾರ. ದಿನವಿಡೀ ತೊಗಲು ಎಳೆಯುವವರಿಗೆ ಭಾರವಾಗದೆ ಹೂವಿನ ಹಾಗೆ ಇರುತ್ತದೆಯೇ?

ನಾನು ಬರೆಯಬೇಕೆಂದಿದ್ದು ಬೇರೆ. ಮೊನ್ನೆ ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತಾಗ ಎಡ ಮುಂಗೈ ಮೇಲೆ ಬೆರಳಿನ ಗುರುತು ಕಂಡೆ. ಮಣ್ಣಿನ ಹೆಂಟೆಯನ್ನು ಯಾರೋ ಅದುಮಿ ಹಿಡಿದ ಹಾಗೆ, ಒಂದು ಕಡೆ ನಾಲ್ಕು ಕುಳಿ, ಇನ್ನೊಂದು ಕಡೆ ಹೆಬ್ಬೆರಳಿನದು. ನೋವಿಲ್ಲ, ಕೆಂಪಿಲ್ಲ, ಬರೀ ಕುಳಿ. ಹಲ್ಲುಜ್ಜಿ ಬರುವಷ್ಟರಲ್ಲಿ ಮೆಲ್ಲಗೆ ಮೇಲೆದ್ದು ಮಾಯವಾದವು. ನಿನ್ನ ಭಾವ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಬಿಟ್ಟು ಇನ್ನು ಯಾರಿದ್ದಾರೆ? ಮಾರನೆಯ ದಿನವೂ ಹಾಗೇ. ನನ್ನ ಬಲಗೈಯನ್ನು ಆ ಕುಳಿಗಳ ಮೇಲೆ ಇಟ್ಟು ನೋಡಿದೆ. ನಾಲ್ಕು ಬೆರಳು ಕೂತವು. ಹೆಬ್ಬೆರಳು ಕೂರಲಿಲ್ಲ.

ಉಂಗುರವನ್ನು ಸೋಪು ಹಚ್ಚಿ ತೆಗೆದಿಟ್ಟಿದ್ದೇನೆ.

ನಮ್ಮ ಇಸ್ತ್ರಿಯವಳನ್ನು ನೀನು ನೋಡಿಲ್ಲ, ಹೋದ ವರ್ಷ ಸೇರಿದವಳು. ಗವಸುಗಳನ್ನು ಹಿತ್ತಾಳೆಯ ಬಿಸಿ ಕೈಗಳಿಗೆ ತೊಡಿಸಿ ಸುಕ್ಕು ತೆಗೆಯುವುದು ಅವಳ ಕೆಲಸ. ಸಾಲಾಗಿ ನಿಂತ ಹಿತ್ತಾಳೆ ಕೈಗಳ ನಡುವೆ ಓಡಾಡುತ್ತ, ತನ್ನ ಎಡಗೈಯನ್ನು ಯಾವಾಗಲೂ ಶಾಲಿನೊಳಗೆ ಇಟ್ಟುಕೊಂಡು ಒಂದೇ ಕೈಯಲ್ಲಿ ಎಲ್ಲ ಮಾಡುತ್ತಾಳೆ. "ಏನಮ್ಮ, ಆ ಕೈ ಅಡ ಇಟ್ಟಿದ್ದೀಯಾ?" ಎಂದು ಕತ್ತರಿ ಮಾವ ರೇಗಿಸಿದರೆ, "ಬಿಸಿ ಕೆಲಸಕ್ಕೆ ಒಂದು ಕೈ ಸುಟ್ಟರೆ ಸಾಕು ಬಿಡಿ ಮಾವ" ಅನ್ನುತ್ತಾಳೆ. ನಿನ್ನೆ ಅವಳು ನನ್ನ ಹತ್ತಿರ ಬಂದು, "ಎಡದ್ದೆಲ್ಲ ಸಡಿಲ ಬರ್ತಿದೆ ಅಕ್ಕ. ನಿಮ್ಮ ಕೈ ನೋಡ್ಕೊಳ್ಳಿ" ಅಂದಳು. ನಿನ್ನೆ ಮೊನ್ನೆ ಬಂದವಳು ನನ್ನ ಕೈಕೆಲಸಕ್ಕೆ ಹೆಸರಿಡುತ್ತಾಳೆ. ಎರಡು ಮಾತು ಬೈದೆ.

ಆಮೇಲೆ ಸಿಟ್ಟಿಗೆ ಮಹಡಿಯ ಕೋಣೆ ಗುಡಿಸಲು ಹೋದೆ. ದೊಡ್ಡಮ್ಮನ ಪೆಟ್ಟಿಗೆ ತೆಗೆದೆ. ತಳದಲ್ಲಿ ಅವಳ ಶಾಲು ಸುತ್ತಿಟ್ಟಿತ್ತು. ಬಿಚ್ಚಿದರೆ ಒಂದು ಗವಸು, ಗುಬ್ಬಿ. ಒಂದೇ. ಎಡಗೈಯದು. ತೋಳಿನವರೆಗೂ ಬರುವಷ್ಟು ಉದ್ದ, ಮಣಿಕಟ್ಟಿಗೂ ಮೊಣಕೈಗೂ ದಾರ ಎಳೆದು ಬಿಗಿಯುವ ಹಾಗೆ ಕಣ್ಣುಗಳು. ಹೊಲಿಗೆ ದೊಡ್ಡಮ್ಮನದೇ, ಕಣ್ಣು ಕಟ್ಟಿದರೂ ಬೆರಳಾಡಿಸಿ ಹೇಳಬಲ್ಲೆ. ಗಾತ್ರ ನೋಡಿದರೆ ಯಾವ ಗಟ್ಟಿ ಗಂಡಸಿಗೋ ಹೊಲಿದಂತಿದೆ. ನಮ್ಮಲ್ಲಿ ಅಂಥದನ್ನು ಯಾರೂ ಯಾವತ್ತೂ ಹೊಲಿಸಿಲ್ಲ.

ನಾನು ಅದನ್ನು ಹಾಕಿ ನೋಡಿಲ್ಲ. ಶಾಲಿನಲ್ಲಿ ಸುತ್ತಿ ಮತ್ತೆ ಇಟ್ಟೆ.

ಅಕ್ಕ


ಏಪ್ರಿಲ್ ೧೬

ಅಕ್ಕ,

ನಿನ್ನಿಂದ ಕಾಗದವಿಲ್ಲ. ಸಮುದ್ರ ಕೆಟ್ಟಿದೆ, ದೋಣಿ ನಮ್ಮ ದಡಕ್ಕೆ ಬರಲಾಗದೆ ತಿರುಗಿ ಹೋಯಿತು. ಚೀಲದ ಟಪಾಲು ಅದರಲ್ಲೇ ಉಳಿಯಿತು. ತಿಂಗಳಿಗೊಮ್ಮೆ ಬರುವ ನರ್ಸಮ್ಮ ಮಾತ್ರ ಮೀನುಗಾರರ ಪುಟ್ಟ ದೋಣಿ ಹತ್ತಿ ನೆನೆದ ಬೆಕ್ಕಿನ ಹಾಗೆ ಬಂದಿಳಿದರು. ಈ ಕಾಗದವನ್ನು ಅವರ ಕೈಲೇ ಕಳಿಸುತ್ತೇನೆ.

ಅವರಿಗೆ ಬಿಸಿ ಗಂಜಿ ಕೊಟ್ಟು, ಹೊತ್ತು ಹೋಗಲಿ ಎಂದು ನಿನ್ನ ಕುಗ್ಗುವ ಗವಸುಗಳ ಸುದ್ದಿ ಹೇಳಿದೆ. ನಗುತ್ತಾರೆ ಅಂದುಕೊಂಡೆ. ಅವರು ಚಮಚ ಕೆಳಗಿಟ್ಟರು.

"ನಿಮ್ಮಕ್ಕನಿಗೆ ಆಪರೇಷನ್ ಆಗಿದ್ದು ಯಾವ ಕಡೆ?"

"ಎಡಗಡೆ."

"ಗವಸು ಸರಿ ಇದೆಯಾ ಅಂತ ನೋಡೋದು ಯಾವುದಕ್ಕೆ ಹಾಕಿ?"

"ಅವಳ ಕೈಗೇ."

"ಅಯ್ಯೋ ಹುಚ್ಚು ಹುಡುಗಿ, ಗವಸು ಕುಗ್ತಾ ಇಲ್ಲ. ಕೈ ಬೆಳೀತಿದೆ."

ಅಕ್ಕ, ಕೇಳು. ಕಂಕುಳಿನ ಗ್ರಂಥಿಗಳು ಕೈಯ ನೀರನ್ನು ಸೋಸಿ ಮೇಲಕ್ಕೆ ಕಳಿಸುವ ದಾರಿಯಂತೆ. ಅವನ್ನು ತೆಗೆದ ಮೇಲೆ ನೀರು ಹೋಗಲು ದಾರಿ ಸಾಲದೆ ಕೈಯಲ್ಲೇ ನಿಲ್ಲಬಹುದಂತೆ, ಮೋರಿ ಕಟ್ಟಿದ ಹಿತ್ತಲಿನ ಹಾಗೆ. ಆಪರೇಷನ್ ಆಗಿ ತಿಂಗಳುಗಳಾದ ಮೇಲೂ ಬರಬಹುದು, ವರ್ಷಗಳಾದ ಮೇಲೂ ಬರಬಹುದು. ಮೊದಮೊದಲು ಬರೀ ಭಾರ, ಉಂಗುರ ಬಿಗಿ, ರವಿಕೆಯ ತೋಳು ಬಿಗಿ. ಬೆರಳಿಂದ ಒತ್ತಿದರೆ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇರುತ್ತದಂತೆ. ಆಗಲೇ ಹೋದರೆ ಬಿಗಿತೋಳು, ವ್ಯಾಯಾಮ, ಮೆಲ್ಲಗೆ ನೀವುವುದು, ಇಷ್ಟರಲ್ಲೇ ಹಿಡಿತಕ್ಕೆ ತರಬಹುದು. ತಡವಾದರೆ ಕೈ ಗಟ್ಟಿಯಾಗಿಬಿಡುತ್ತದೆ.

ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು. ಆ ಕೈಗೆ ಗಾಯ ಆಗಬಾರದು. ಸೂಜಿ ಚುಚ್ಚಿದರೂ ತೊಳೆದು ಔಷಧಿ ಹಚ್ಚಬೇಕು. ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಓಡಬೇಕು. ನೀನು ಸೂಜಿಯಲ್ಲೇ ಬದುಕುವವಳು. ಬೆರಳಿಗೆ ಅಂಗುಸ್ತಾನ ಹಾಕ್ಕೋ. ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿಕೋ.

ಕತ್ತರಿ ಮಾವನ ಕನ್ನಡಕದ ಮಾತು ವಾಪಸು ತೆಗೆದುಕೊಂಡೆ.

ಗುಬ್ಬಿ


ಏಪ್ರಿಲ್ ೨೯

ಗುಬ್ಬಿ,

ನರ್ಸಮ್ಮನ ಕೈಲಿ ನೀನು ಕಳಿಸಿದ ಕಾಗದ ಬಂತು. ಕೈ ಬೆಳೆಯುತ್ತಿದೆ ಅಂದರಂತೆ. ಬೆಳೆಯಲಿ. ಯಾಕೆ ಬೆಳೆಯುತ್ತಿದೆ ಎಂದು ನನಗೆ ಅವರಿಗಿಂತ ಮೊದಲೇ ತಿಳಿಯಿತು.

ನಾನು ಆ ಗವಸು ಹಾಕಿ ನೋಡಿದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಹಿತ್ತಾಳೆ ಕೈಗಳು ಇನ್ನೂ ಬಿಸಿಯಿದ್ದವು, ಕೋಣೆಯೆಲ್ಲ ತೊಗಲಿನ ವಾಸನೆ. ಶಾಲು ಬಿಚ್ಚಿ ಕೈ ತೂರಿಸಿದೆ. ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. ಒಂದೊಂದು ಬೆರಳೂ ತನ್ನ ಮನೆಗೆ ತಾನು ಹೋದ ಹಾಗೆ ಹೋಗಿ ಕೂತಿತು. ಹೋದ ವರ್ಷ ಹಾಕಿದ್ದರೆ ನನ್ನಂಥ ಎರಡು ಕೈ ಹಿಡಿಸುತ್ತಿತ್ತು. ನಾನು ಹುಟ್ಟಿದಾಗಿನಿಂದ ಕೈಗವಸು ನೋಡಿದವಳು. ಇಷ್ಟು ಸರಿಯಾಗಿ ಕೂತದ್ದನ್ನು ನೋಡಿಲ್ಲ. ಅಳತೆ ತಾನಾಗೇ ಬರುತ್ತದೆ ಎಂದಿದ್ದಳಲ್ಲ ಆ ಹೆಂಗಸು. ಬಂತು.

ಬಿಗಿದರೆ ಹಿತವಾಗುತ್ತದೆ. ಮಣಿಕಟ್ಟಿನ ದಾರ ಎಳೆದರೆ ದೊಡ್ಡಮ್ಮ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳಲ್ಲ, ಹಾಗೆ. ದಿನವೂ ಹಾಕುತ್ತಿದ್ದೇನೆ, ಸೀರೆಯ ಸೆರಗು ಹೊದ್ದರೆ ಯಾರಿಗೂ ಕಾಣುವುದಿಲ್ಲ. ಇಸ್ತ್ರಿಯವಳು ಮಾತ್ರ ನೋಡಿಬಿಟ್ಟಳು. ಅವಳ ಮುಖ ಬಿಳಿಚಿಕೊಂಡಿತು.

ನಿನ್ನೆ ಒಳಗಿನಿಂದ ಏನೋ ಚುಚ್ಚಿತು, ಹಳೆಯ ಸೂಜಿಯ ಮುರುಕು ಹೊಲಿಗೆಯಲ್ಲಿ ಉಳಿದಿತ್ತು. ಒಂದು ಹನಿ ರಕ್ತ ಬಂತು ಅಷ್ಟೇ. ಇವತ್ತು ಕೈ ಬೆಚ್ಚಗಿದೆ. ಒಳಗೆ ಇನ್ನೊಂದು ಕೈ ಇದ್ದು ನನ್ನ ಕೈಯನ್ನು ಹಿಡಿದುಕೊಂಡಿರುವ ಹಾಗೆ ಬೆಚ್ಚಗೆ.

ಗುಬ್ಬಿ, ಆ ಕಥೆಯ ಕೊನೆ ನಿನಗೆ ಗೊತ್ತೇ? ದೊಡ್ಡಮ್ಮನ ಕೊನೆಗಾಲದಲ್ಲಿ ಹತ್ತಿರ ಇದ್ದವಳು ನೀನು. ಆ ಹೆಂಗಸು ಬಾ ಅಂದ ಮೇಲೆ ಇವಳು ಹೋದಳೇ?

ಅಕ್ಕ


ಮೇ ೩

ಅಕ್ಕ,

ಎರಡು ಕಾಗದವೂ ಇವತ್ತು ಬೆಳಿಗ್ಗೆ ಒಂದೇ ದೋಣಿಯಲ್ಲಿ ಬಂದವು. ಒಂದು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಒಡೆದೆ. ಒಲೆಯ ಮೇಲಿನ ಸಾರು ಉಕ್ಕಿ ಬೆಂಕಿ ಆರಿಸಿತು.

ಈ ಕಾಗದ ನಿನ್ನ ಕೈ ಸೇರುವುದು ತಡವಾಗುತ್ತದೆ. ಅದಕ್ಕೇ ಮೊದಲು ಇಲ್ಲಿನ ದೀಪ ನೋಡಿಕೊಳ್ಳುವ ದೀಪದ ಅಣ್ಣನ ಹತ್ತಿರ ಓಡಿದೆ. ಅವರ ಕೋಣೆಯಲ್ಲಿ ವೈರ್‌ಲೆಸ್ ಇದೆ. ಅದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ.

"ಇದು ಮುಳುಗೋ ಹಡಗಿಗೆ ಮಾತ್ರ ಕಣಮ್ಮ. ಮನೆ ಸುದ್ದಿಗಲ್ಲ."

"ನಮ್ಮಕ್ಕ ಮುಳುಗ್ತಾ ಇದಾಳೆ ಅಣ್ಣ."

"ಎಲ್ಲಿ? ಯಾವ ಕಡೆ?" ಎಂದು ದುರ್ಬೀನು ಎತ್ತಿಕೊಂಡರು ಪಾಪ.

ಕಾಗದ ಓದಿ ಹೇಳಿದೆ. ದುರ್ಬೀನು ಕೆಳಗಿಟ್ಟರು. ಬಂದರಿನ ಕಚೇರಿಯವರನ್ನು ಕರೆದು ಹೀಗೆ ಹೇಳಿದರು: ಕೈಗವಸಿನ ಹೊಲಿಗೆಮನೆಗೆ ಫೋನ್ ಮಾಡಿ, ಕತ್ತರಿಸುವವರಿಗೆ ಹೇಳಿ, ಆಕೆಯ ಎಡಗೈಯಲ್ಲಿರುವ ಗವಸನ್ನು ಈಗಲೇ ತೆಗೆಸಿ, ಇವತ್ತೇ ಆಸ್ಪತ್ರೆಗೆ ಸೇರಿಸಿ. ಆ ಕಡೆಯವರು, "ಇದೆಂಥ ಹಡಗು ಸ್ವಾಮಿ?" ಎಂದು ಕೇಳಿದರು. "ಒಳ್ಳೇ ಹಡಗು, ಬೇಗ ಮಾಡಿ" ಅಂದರು ಅಣ್ಣ.

ಈಗ ಉತ್ತರಕ್ಕೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ.

ದೊಡ್ಡಮ್ಮನಿಗೂ ಎದೆ ತೆಗೆದಿದ್ದರು ಅಕ್ಕ. ನೀನಾಗ ಭಾವನ ಜೊತೆ ದೂರದ ಊರಲ್ಲಿದ್ದೆ. "ಅವಳಿಗೆ ಹೇಳಿದ್ರೆ ಸಂಸಾರ ಬಿಟ್ಟು ಓಡಿ ಬರ್ತಾಳೆ, ಹೇಳಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡಳು. ಆಮೇಲೆ ಅವಳ ಎಡಗೈ ಊದಿತು. ಆಗ ಹೇಳಿಕೊಡುವವರು ಇರಲಿಲ್ಲವೋ, ಅವಳು ಕೇಳಲು ಹೋಗಲಿಲ್ಲವೋ. ಮಹಡಿಯ ಕೋಣೆ ಸೇರಿದಳು, ಹೊಲಿಗೆಮನೆಗೆ ಇಳಿಯುವುದನ್ನೇ ಬಿಟ್ಟಳು. ಕೈಯನ್ನು ಶಾಲಿನಲ್ಲಿ ಮುಚ್ಚಿಟ್ಟುಕೊಂಡು, "ಇದು ನನ್ನ ಕೈಯಲ್ಲ ಕಣೇ, ಯಾರೋ ನನ್ನ ಹತ್ರ ಇಟ್ಟು ಹೋಗಿದಾರೆ" ಅನ್ನುತ್ತಿದ್ದಳು. ಒತ್ತಿದರೆ ಇಳಿಯುತ್ತದೆ ಎಂದು ತಾನೇ ಆ ಗವಸು ಹೊಲಿದುಕೊಂಡಳು. ನಿನ್ನ ಕೈಯೂ ಅವಳ ಕೈಯೂ ಒಂದೇ ಅಳತೆ ಅಲ್ಲವೇ? ಊದಿದರೂ ಒಂದೇ ಅಳತೆ. ಅದು ನಿನಗೆ ಸರಿಯಾಗಿ ಕೂತದ್ದು ಅದಕ್ಕೇ.

ಅವಳಿಗೆ ತಿಳಿಯದೇ ಹೋದದ್ದು ಒಂದೇ. ಮಣಿಕಟ್ಟಿನಲ್ಲಿ ದಾರ ಬಿಗಿದರೆ ನೀರು ಮೇಲಕ್ಕೆ ಹೋಗುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಆಸ್ಪತ್ರೆಯ ಬಿಗಿತೋಳು ಕೆಳಗೆ ಹೆಚ್ಚು ಒತ್ತಿ ಮೇಲೆ ಹೋಗುತ್ತ ಸಡಿಲವಾಗುತ್ತದಂತೆ, ನೀರನ್ನು ಹತ್ತಿಸುವುದಕ್ಕೆ. ಅದು ಚೀಲ ಅಲ್ಲ ಅಕ್ಕ, ಏಣಿ.

ಒಂದು ದಿನ ಅವಳ ಬೆರಳಿಗೆ ಸೂಜಿ ತಾಗಿತು. ಕೆಂಪು ಮುಂಗೈಯಿಂದ ಮೇಲಕ್ಕೆ ಹತ್ತಿತು. ಗವಸು ಬಿಚ್ಚಲು ಬಿಡಲಿಲ್ಲ. ಜ್ವರದಲ್ಲಿ ಬಾಗಿಲ ಕಡೆ ನೋಡಿಕೊಂಡು, "ಬಂದೆ, ಬಂದೆ, ಇದೊಂದು ಹೊಲಿಗೆ" ಅನ್ನುತ್ತಿದ್ದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಗವಸನ್ನು ನಾನು ಅವಳ ಕೈಯಿಂದ ತೆಗೆದದ್ದು ಎಲ್ಲ ಮುಗಿದ ಮೇಲೆ.

ಕಥೆಯ ಕೊನೆ ನನಗೆ ಗೊತ್ತಿಲ್ಲ. ಅವಳು ಹೇಳಲಿಲ್ಲ. ನೀನೂ ಹುಡುಕಬೇಡ.

ಗುಬ್ಬಿ


ಮೇ ೧೧

ಅಕ್ಕ,

ಸುದ್ದಿ ತಲುಪಿಸಿದೆವು ಎಂದು ಬಂದರಿನವರು ಹೇಳಿದರು. ಅಷ್ಟೇ. ಆಮೇಲೆ ಗುಡುಗು ಸಿಡಿಲು, ವೈರ್‌ಲೆಸ್‌ನಲ್ಲಿ ಬರೀ ಗೊರಗೊರ ಸದ್ದು. ದೀಪದ ಅಣ್ಣ ಊಟಕ್ಕೆ ಉಪ್ಪು ಹೆಚ್ಚಾದರೂ ಮಾತಾಡುತ್ತಿಲ್ಲ.

ಒಂದು ಸಾಲು ಬರೆ. ಬೈದಾದರೂ ಬರೆ.

ಗುಬ್ಬಿ


ಮೇ ೨೬

ಗುಬ್ಬಿ,

ಬೈಯುತ್ತೇನೆ. ಇಂಥ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನರಿಯ ಕಥೆ ಬರೆ ಅನ್ನುತ್ತೀಯಲ್ಲೇ! ಬೈದಾಯಿತು. ಇನ್ನು ಕೇಳು.

ಅವತ್ತು ಬೆಳಿಗ್ಗೆಯಿಂದ ನನಗೆ ಮೈ ನಡುಕ. ಕೆಲಸ ಬಿಡಲಿಲ್ಲ. ಯಾರೋ ಬಾಗಿಲಲ್ಲಿ ನಿಂತು ಕರೆಯುತ್ತಿರುವ ಹಾಗೆ, ನಾನು ಕೈಲಿದ್ದ ಹೊಲಿಗೆ ಮುಗಿಸಿ ಏಳಬೇಕು ಅನ್ನುವ ಹಾಗೆ ಅನಿಸುತ್ತಿತ್ತು. "ಬಂದೆ" ಎಂದು ನಾನೂ ಅಂದೆನಂತೆ. ಕತ್ತರಿ ಮಾವ ಆಮೇಲೆ ಹೇಳಿದ್ದು. ನಿನ್ನ ಕಾಗದ ಆಗಿನ್ನೂ ಬಂದಿರಲಿಲ್ಲ ನೋಡು. ದೊಡ್ಡಮ್ಮ ಅಂದದ್ದು ನನಗೆ ಗೊತ್ತಿರಲಿಲ್ಲ.

ಆಗ ಫೋನ್ ಬಂತು. ಮಾವ ಕೇಳಿಸಿಕೊಂಡು ಫೋನ್ ಇಟ್ಟು, ನನ್ನ ಸೆರಗು ಸರಿಸಿ ನೋಡಿದರು. ದಾರದ ಗಂಟು ಊತದಲ್ಲಿ ಹೂತುಹೋಗಿ ಬಿಚ್ಚಲು ಬರಲಿಲ್ಲ. ಅವರು ಕತ್ತರಿ ತೆಗೆದುಕೊಂಡು ಬಂದರು, ತಂದು ನಿಂತುಬಿಟ್ಟರು.

"ಮಗಳೇ, ಇದು ನಿಮ್ಮ ದೊಡ್ಡಮ್ಮನ ಹೊಲಿಗೆ. ನಾನು ಜೀವಮಾನದಲ್ಲಿ ಬಿಡಿ ತೊಗಲು ಕತ್ತರಿಸಿದ್ದೀನಿ, ಹೊಲಿದದ್ದನ್ನ ಕತ್ತರಿಸಿಲ್ಲ."

"ಬೇಡ ಮಾವ, ಹೋಗಬೇಕು" ಅಂದೆನಂತೆ.

"ಕತ್ತರಿಸಿ ಮಾವ!" ಎಂದು ಹಿಂದಿನಿಂದ ಕೂಗಿದವಳು ಇಸ್ತ್ರಿಯವಳು. ಅವಳ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಮೊದಲು.

ಮಾವ ತೋಳಿನಿಂದ ಬೆರಳಿನವರೆಗೆ ಸೀಳಿದರು. ಒಳಗಿನ ಕೈ ಕೆಂಪಗೆ, ಮಿರಿಮಿರಿ ಮಿಂಚುತ್ತ, ನನ್ನದಲ್ಲದ ಹಾಗಿತ್ತು. ಗವಸು ಮೇಜಿನ ಮೇಲೆ ಬಿದ್ದರೂ ಮಡಿಚಿಕೊಳ್ಳಲಿಲ್ಲ. ನಾನು ಆಸ್ಪತ್ರೆಯಿಂದ ಬರುವ ತನಕವೂ ಬೆರಳು ಬಗ್ಗಿಸಿಕೊಂಡು ಏನನ್ನೋ ಹಿಡಿದ ಹಾಗೇ ಇತ್ತಂತೆ. ಯಾರೂ ಮುಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಬಲಗೈಗೆ ಸೂಜಿ ಹಾಕಿ ಔಷಧಿ ಏರಿಸಿದರು. ಇನ್ನೊಂದು ದಿನ ತಡವಾಗಿದ್ದರೆ ನಂಜು ರಕ್ತಕ್ಕೆ ಇಳಿಯುತ್ತಿತ್ತು ಅಂದರು ಡಾಕ್ಟರು. ವ್ಯಾಯಾಮದ ಹುಡುಗಿ ಬಂದು ಮಂಚದ ಪಕ್ಕ ಕೂತಳು. ನಾನು ಕೊಟ್ಟದ್ದನ್ನ ಹಾಕ್ಕೊಂಡ್ರಾ ಎಂದು ಕೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು. ಜ್ವರ ಇಳಿದು ಕೆಂಪು ಹೋದ ಮೇಲೆ ಹೂವಿನ ಮೇಲಿನ ಧೂಳು ಒರೆಸುವ ಹಾಗೆ ನೀವುವುದನ್ನು ಕಲಿಸಿದಳು. ಮೊದಲು ಭುಜದ ಹತ್ತಿರ ದಾರಿ ಬಿಡಿಸಿ, ಆಮೇಲೆ ಕೆಳಗಿನದನ್ನು ಮೇಲಕ್ಕೆ ಕಳಿಸುವುದು. ಪಟ್ಟಿ ಸುತ್ತಿ ಸುತ್ತಿ ಊತ ಇಳಿಸಿದ ಮೇಲೆ ಹೊಸ ಅಳತೆ ತೆಗೆದು ಹೊಸ ಬಿಗಿತೋಳು, ಅದರ ಜೊತೆಗೆ ಅಂಗೈಗೊಂದು ಗವಸು ಕೊಟ್ಟಳು. ಹೌದು, ಗವಸು! ನಗಬೇಡ. ಕನ್ನಡಕ ಹಾಕಿಕೊಂಡು ಅದರ ಒಳಗನ್ನೆಲ್ಲ ಹುಡುಕಿದೆ, ತಪ್ಪು ಸಿಗಲಿಲ್ಲ.

"ಇದು ಪೂರ್ತಿ ಹೋಗುತ್ತಾ?" ಎಂದು ಕೇಳಿದೆ.

"ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ ಆಂಟಿ. ನೀವು ಮರೀದೆ ಇದ್ರೆ ಅದು ನಿಮ್ಮ ಮಾತು ಕೇಳಿಕೊಂಡಿರುತ್ತೆ."

ದಿನವೂ ಮರೆಯದೆ ಇರುವುದೇ ಈಗ ನನ್ನ ಕೆಲಸ. ಕೈಗೆ ಎಣ್ಣೆ ಸವರಿ ಚರ್ಮ ಒಡೆಯದ ಹಾಗೆ ನೋಡಿಕೊಳ್ಳುತ್ತೇನೆ. ಅಂಗುಸ್ತಾನ ಎರಡೂ ಕೈಗೆ. ಎಡದ್ದನ್ನು ಮರದ ಕೈಗೆ ಹಾಕಿ ಅಳೆಯುತ್ತೇನೆ. ದೊಡ್ಡಮ್ಮ ಕ್ಷಮಿಸಲಿ.

ಮುಂಗೈಯ ಬೆರಳಿನ ಗುರುತು ನನ್ನದೇ ಬಲಗೈಯದು, ನಿದ್ದೆಯಲ್ಲಿ ನಾನೇ ಹಿಡಿದುಕೊಂಡದ್ದು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೂಂ ಎಂದಿದ್ದೇನೆ. ಹೆಬ್ಬೆರಳು ಹೊಂದದೆ ಇದ್ದದ್ದನ್ನು ನಿನಗೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಅಕ್ಕ


ಜೂನ್ ೮

ಅಕ್ಕ,

ನಿನ್ನ ಕಾಗದವನ್ನು ದೀಪದ ಅಣ್ಣನಿಗೂ ಓದಿ ಹೇಳಿದೆ. ಅವರು ಕಣ್ಣಿಗೆ ಹೊಗೆ ಬಂತು ಅಂದರು. ಒಲೆ ಹಚ್ಚಿರಲಿಲ್ಲ. ತಮ್ಮ ಪುಸ್ತಕದಲ್ಲಿ "ಒಂದು ಹಡಗು, ಕ್ಷೇಮ" ಎಂದು ಬರೆದುಕೊಂಡಿದ್ದಾರೆ. ಮೇಲಿನವರು ಹಡಗಿನ ಹೆಸರು ಕೇಳಿದರೆ ಏನು ಹೇಳುತ್ತಾರೋ ಕಾಣೆ.

ಹೆಬ್ಬೆರಳಿನ ವಿಷಯ ನಾನೂ ಯಾರಿಗೂ ಹೇಳುವುದಿಲ್ಲ. ದೊಡ್ಡಮ್ಮನ ಕೈ ಮೇಲೂ ಅಂಥ ಗುರುತು ಇರುತ್ತಿತ್ತು. ಅದನ್ನು ಇಷ್ಟು ದಿನ ಬರೆಯಲಿಲ್ಲ. ಈಗ ಬರೆದೆ, ಇನ್ನು ನನ್ನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ.

ಆ ಗವಸನ್ನು ಏನು ಮಾಡಿದೆ?

ಗುಬ್ಬಿ


ಜೂನ್ ೨೩

ಗುಬ್ಬಿ,

ಗವಸನ್ನು ಸುಡಲಿಲ್ಲ, ಹೂಳಲಿಲ್ಲ. ಹೊಲಿಗೆ ಬಿಚ್ಚಿ ಬಿಡಿ ತೊಗಲು ಮಾಡಿದೆ. ಬಿಡಿ ತೊಗಲಿಗೆ ಯಾರ ಅಳತೆಯೂ ಇರುವುದಿಲ್ಲ. ಚೂರುಗಳು ಮೇಜಿನ ಕೆಳಗೆ ಸೇರಿದವು.

ನಿನ್ನೆ ಸಂಜೆ ಕೆಲಸ ಬಿಡುವ ಹೊತ್ತಿಗೆ ಕರೆಂಟು ಹೋಯಿತು. ಎಲ್ಲರೂ ಇದ್ದಲ್ಲೇ ಕೂತರು. ಹಿತ್ತಾಳೆ ಕೈಗಳು ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿದ್ದವು. ಕತ್ತರಿ ಮಾವ, "ಒಂದು ಕಥೆ ಹೇಳೇ, ನಿಮ್ಮ ದೊಡ್ಡಮ್ಮ ಹೇಳ್ತಿದ್ದಳಲ್ಲ" ಅಂದರು. ಒಂಟಿ ಗವಸಿನ ಕಥೆ ಶುರುಮಾಡಿದೆ. "ಈಗ ಸರಿಹೋಯ್ತು, ಬಾ ಹೋಗೋಣ" ಎಂಬಲ್ಲಿಗೆ ಬಂದೆ. ಈ ಸಲ ಕರೆಂಟು ಬರಲಿಲ್ಲ. ಮುಂದೆ ಹೇಳಲೇಬೇಕಾಯಿತು.

ಹೇಳಿದೆ. ಹೊಲಿಯುವವಳು ಏಳಲು ಹೊರಟಳು. ಆಗ ಅವಳ ಜೊತೆ ಕೆಲಸ ಮಾಡುವವರು ಯಾರೋ ಅವಳ ಕೈಯನ್ನು ಕಂಡರು. ಕಂಡದ್ದಕ್ಕೇ ಎಲ್ಲ ಆಯಿತು. ಅಲ್ಲಿಯವರೆಗೆ ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಬಾಗಿಲಿಗೆ ಬಂದವಳು ಮುಚ್ಚಿಟ್ಟ ಕೈಯನ್ನು ಮಾತ್ರ ಹಿಡಿದುಕೊಂಡು ಹೋಗಬಲ್ಲವಳು. ಗವಸು ಸೀಳಿ ಕೈಯನ್ನು ಬೆಳಕಿಗೆ ಹಿಡಿದರು. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ.

"ಮತ್ತೆ ಬಂದಳಾ ಅವಳು?" ಎಂದು ಇಸ್ತ್ರಿಯವಳು ಕತ್ತಲಲ್ಲಿ ಕೇಳಿದಳು.

"ಬರ್ತಾನೇ ಇರ್ತಾಳೆ. ಬೇರೆ ಬೇರೆ ಬಾಗಿಲಿಗೆ" ಅಂದೆ.

ಎಲ್ಲರೂ ಕತ್ತಲಲ್ಲೇ ಮನೆಗೆ ಹೋದರು.

ಇವತ್ತು ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದೆ. ಒಬ್ಬೊಬ್ಬರಾಗಿ ಬಂದವರು, ಯಾರೂ ಹೇಳದೆಯೇ, ಕತ್ತರಿಸುವ ಮೇಜಿನ ಮೇಲೆ ಎರಡೂ ಕೈ ಪಕ್ಕಪಕ್ಕ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡರು. ಗುಂಡಿ ಹೊಲಿಯುವವಳು, ಅಂಚು ಹೊಲಿಯುವವಳು, ಗಂಡಸಾದರೂ ಕತ್ತರಿ ಮಾವ ಕೂಡ. ನಾನೂ ಇಟ್ಟೆ. ನನ್ನ ಎಡದ್ದು ಇನ್ನೂ ಒಂದು ಕೂದಲೆಳೆಯಷ್ಟು ದೊಡ್ಡದು. ಹೆಗಲು ತಟ್ಟಿ ನಕ್ಕರು. ನಕ್ಕು ಎಲ್ಲರೂ ಕೈ ತೊಳೆಯಲು ಹಿತ್ತಲಿಗೆ ಹೋಗಿ ಬಂದೆವು.

ಬಂದು ನೋಡಿದರೆ ಮೇಜಿನ ತುದಿಯಲ್ಲಿ ಇನ್ನೊಂದು ಗೆರೆಯಿತ್ತು. ಒಂಟಿ ಎಡಗೈ. ನಮ್ಮಲ್ಲಿ ಯಾರ ಕೈಗಿಂತಲೂ ದೊಡ್ಡದು.

ಮಾವನ ಕೈಲಿದ್ದ ಕತ್ತರಿ ಜಾರಿ ಬಿತ್ತು. ಗುಂಡಿ ಹೊಲಿಯುವವಳು ನನ್ನ ಸೆರಗು ಹಿಡಿದುಕೊಂಡಳು. "ಯಾರದಿದು?" ಎಂದು ಕೇಳಿದೆ. ಹಿತ್ತಾಳೆ ಕೈಗಳ ಸಾಲಿನ ಹಿಂದಿನಿಂದ ಇಸ್ತ್ರಿಯವಳು ಬಂದಳು. ಶಾಲು ಕೆಳಗೆ ಬಿಟ್ಟಳು. ಒಂದು ವರ್ಷದಿಂದ ನಾವು ಯಾರೂ ನೋಡಿರದ ಕೈಯನ್ನು ಬಲಗೈಯಲ್ಲಿ ಆನಿಸಿ ಎತ್ತಿ ತಂದು ಆ ಗೆರೆಯೊಳಗೆ ಇಟ್ಟಳು. ಸರಿಯಾಗಿ ಕೂತಿತು.

"ನಂಗೂ ಆ ಆಪರೇಷನ್ ಆಗಿತ್ತು ಅಕ್ಕ, ಹಳೇ ಊರಲ್ಲಿದ್ದಾಗ" ಅಂದಳು. "ಕೆಲಸಕ್ಕೆ ಬೇಡ ಅಂತೀರೇನೋ ಅಂತ..."

ಮಾವ ಬಗ್ಗಿ ಕತ್ತರಿ ಎತ್ತಿಕೊಂಡರು. ಗುಂಡಿ ಹೊಲಿಯುವವಳು ಬಿಸಿ ಕೈಗಳ ಸ್ವಿಚ್ಚು ಆರಿಸಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಆ ಕೈಯನ್ನು ಮೆಲ್ಲಗೆ, ಕುಳಿ ಬೀಳದಷ್ಟು ಮೆಲ್ಲಗೆ ಹಿಡಿದು, "ಬಾ, ಹೋಗೋಣ" ಅಂದೆ. ಶಾಲನ್ನು ಅಲ್ಲೇ ಬಿಟ್ಟು ಇಬ್ಬರೂ ಆಸ್ಪತ್ರೆಯ ಕಡೆ ನಡೆದೆವು.

ಅಕ್ಕ